ಖಾಡಿಯ ಕೆಸರಿನ ಅತಿಥಿಗಳು: ಕಡಲಂಚಿನ ಹಕ್ಕಿಗಳನ್ನು ಗುರುತಿಸುವ ಬಗೆ

ಜೋಗೇಶ್ವರಿ ಎಂದೊಡನೆ ಮುಂಬಯಿಯ ನಿವಾಸಿಗಳ ಮನಸ್ಸಿಗೆ ಬರುವುವು ಎರಡು: ಒಂದು, ಆರನೆಯ ಶತಮಾನದಲ್ಲಿ ಬಂಡೆಯನ್ನು ಕೊರೆದು ನಿರ್ಮಿಸಿದ ಗುಹಾಲಯ, ಮತ್ತೊಂದು, ಕಾಲಿಡಲು ಎಡೆಯಿಲ್ಲದ ಜನಸಂದಣಿ. ಇವೆರಡರ ನಡುವೆ ಮರೆತುಹೋದ ಮೂರನೆಯದೊಂದಿದೆ. ಅದು ನೀರಿನ ದಾರಿ. ಆರೆ ಹಾಲಿನ ಕಾಲನಿಯ ದಿಣ್ಣೆಗಳಲ್ಲಿ ಹುಟ್ಟಿ, ಗೋರೆಗಾಂವ್ ಮತ್ತು ಜೋಗೇಶ್ವರಿಗಳ ನೆರೆಯಲ್ಲಿ ಹರಿದು, ಮಲಾಡ್ ಖಾಡಿಯನ್ನು ಸೇರುವ ಓಶಿವರಾ ಹೊಳೆಯನ್ನು ಇಂದು ಬಹುಮಂದಿ ‘ನಾಲೆ’ ಎಂದೇ ಬಲ್ಲರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮಾತ್ರ, ಮುಂಬಯಿಗೆ ಮೀಠಿ, ಓಶಿವರಾ, ಪೊಯಿಸರ್, ದಹಿಸರ್ ಎಂಬ ನದಿಗಳುಂಟೆಂಬುದು ಅನೇಕರ ಅರಿವಿಗೆ ಬಂದಿತು.

ಈ ನೀರು ಕಡಲನ್ನು ಮುಟ್ಟುವ ಕಡೆ, ಲೋಖಂಡವಾಲಾ ಬಡಾವಣೆಯ ಹಿಂಬದಿಯಿಂದ ವರ್ಸೋವಾ ಮತ್ತು ಮಢದ ನಡುವಣ ಅಳಿವೆಯವರೆಗೆ, ಕಾಂಡ್ಲಾ ಮರಗಳ ಹಸುರೂ ಅದರಾಚೆ ಕಪ್ಪು ಕೆಸರಿನ ಬಯಲೂ ಹರಡಿವೆ. ನೀರಿಳಿದಾಗ ನೋಡುವವರಿಗೆ ಅದು ಬರಿಯ ಕೊಚ್ಚೆ. ಮೂಗು ಮುಚ್ಚಿಕೊಂಡು ದಾಟಬೇಕಾದ ಸ್ಥಳ. ಆದರೆ ಪ್ರತಿವರ್ಷ ಶ್ರಾವಣ ಭಾದ್ರಪದಗಳಿಂದ ಚೈತ್ರ ವೈಶಾಖಗಳವರೆಗೆ ಆ ಕೊಚ್ಚೆಯನ್ನೇ ನೆಚ್ಚಿಕೊಂಡು ಲಡಾಖ್, ಮಧ್ಯ ಏಷ್ಯಾ, ಸೈಬೀರಿಯಗಳಿಂದ ಸಾವಿರಾರು ಮೈಲಿ ಹಾರಿ ಬರುವ ಹಕ್ಕಿಗಳುಂಟು. ಅವು ಗಿಳಿಯಂತೆ ಬಣ್ಣದವಲ್ಲ, ಕೋಗಿಲೆಯಂತೆ ಹಾಡುವುವೂ ಅಲ್ಲ. ಬೂದು, ಕಂದು, ಬಿಳಿ ಇಷ್ಟೇ ಅವುಗಳ ಉಡುಗೆ. ದೂರದಿಂದ ಎಲ್ಲವೂ ಒಂದೇ. ಅವುಗಳನ್ನು ಒಂದರಿಂದೊಂದು ಬೇರ್ಪಡಿಸಿ ತಿಳಿಯುವುದು ಹೇಗೆ, ತಿಳಿದರೆ ಲಾಭವೇನು ಎಂಬುದೇ ಈ ಲೇಖನದ ವಿಷಯ.

ಹೆಸರುಗಳ ಬಗೆಗೆ ಮೊದಲೊಂದು ಮಾತು. ಕನ್ನಡದಲ್ಲಿ ಇವುಗಳಲ್ಲಿ ಹಲವಕ್ಕೆ ‘ಗೊರವ’ ಎಂಬ ಸಾಮಾನ್ಯ ನಾಮವಿದೆ. ಗದ್ದೆಯಂಚಿನಲ್ಲಿ ಕಾಣುವ ಗದ್ದೆಗೊರವ ಕರಾವಳಿಯ ರೈತರಿಗೂ ಪರಿಚಿತ. ಟಿಟ್ಟಿಭ, ಮೆಟ್ಟುಗಾಲು ಹಕ್ಕಿ ಮೊದಲಾದ ಹೆಸರುಗಳೂ ಬಳಕೆಯಲ್ಲಿವೆ. ಉಳಿದವುಗಳ ಕನ್ನಡ ಹೆಸರುಗಳು ಊರಿಗೊಂದು, ಪುಸ್ತಕಕ್ಕೊಂದು ಬಗೆಯಾಗಿರುವುದರಿಂದ, ಗೊಂದಲವಾಗದಿರಲೆಂದು ಇಲ್ಲಿ ಪಕ್ಷಿವೀಕ್ಷಕರು ಎಲ್ಲೆಡೆ ಬಳಸುವ ಇಂಗ್ಲಿಷ್ ಹೆಸರುಗಳನ್ನೇ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ.

ಪಂಚಾಂಗವೇ ಗಡಿಯಾರ

ಕಡಲಂಚಿನ ಹಕ್ಕಿಗಳು ಸೂರ್ಯನ ಗಡಿಯಾರಕ್ಕಿಂತ ಚಂದ್ರನ ಗಡಿಯಾರವನ್ನು ಹೆಚ್ಚು ಅನುಸರಿಸುತ್ತವೆ. ನೀರು ಇಳಿದು ಕೆಸರು ತೆರೆದಾಗ ಅವಕ್ಕೆ ಊಟದ ಹೊತ್ತು. ನೀರು ಏರಿ ಕೆಸರು ಮುಚ್ಚಿದಾಗ ವಿಶ್ರಾಂತಿ. ಇಳಿತ ನಡುರಾತ್ರಿಗೆ ಬಂದರೆ ನಡುರಾತ್ರಿಯಲ್ಲಿಯೇ ಉಣ್ಣುತ್ತವೆ. ಆದುದರಿಂದ ಇವುಗಳನ್ನು ನೋಡಹೊರಟವರು ಮೊದಲು ತಿಳಿಯಬೇಕಾದುದು ಉಬ್ಬರ ಇಳಿತಗಳ ಲೆಕ್ಕ.

ಮರಾಠಿಯಲ್ಲಿ ‘ಭರತಿ’ ಮತ್ತು ‘ಓಹೋಟಿ’ ಎನ್ನುವ ಈ ಏರಿಳಿತಗಳು ದಿನಕ್ಕೆ ಎರಡೆರಡು ಸಲ ಆಗುತ್ತವೆ. ಒಂದು ದಿನದಿಂದ ಮರುದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತವೆ. ಮುಂಬಯಿಯ ತೀರದಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ಉಬ್ಬರವು ಹೆಚ್ಚುಕಡಿಮೆ ನಡುಹಗಲಿಗೂ ನಡುರಾತ್ರಿಗೂ ಬರುತ್ತದೆ. ಇದನ್ನು ನೆನಪಿಟ್ಟರೆ ಉಳಿದ ದಿನಗಳದು ಸುಲಭ. ತಿಥಿಯ ಅಂಕವನ್ನು 4ರಿಂದ ಗುಣಿಸಿ 5ರಿಂದ ಭಾಗಿಸಿದರೆ, ನಡುಹಗಲಾದ ಮೇಲೆ ಎಷ್ಟು ಗಂಟೆಗೆ ಉಬ್ಬರವೆಂಬುದು ಸ್ಥೂಲವಾಗಿ ದೊರೆಯುತ್ತದೆ. ಚತುರ್ಥಿಯಾದರೆ ಮೂರೂಕಾಲು ಗಂಟೆಯ ಸುಮಾರಿಗೆ ಉಬ್ಬರ. ಅದಕ್ಕೆ ಆರು ಗಂಟೆ ಮುಂಚೆ, ಅಂದರೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಇಳಿತ. ಖಾಡಿಯ ಒಳಭಾಗದಲ್ಲಿ ಇದು ತುಸು ತಡವಾಗಬಹುದು. ಲೆಕ್ಕವನ್ನು ಅಚ್ಚಾದ ಉಬ್ಬರದ ಪಟ್ಟಿಯೊಡನೆ ತಾಳೆ ನೋಡುವುದು ಒಳ್ಳೆಯದು.

ನೀರು ಪೂರ್ತಿಯಾಗಿ ಇಳಿದಾಗ ಹಕ್ಕಿಗಳು ದೂರದ ಅಂಚಿಗೆ ಚದರಿಹೋಗಿ ಬರಿಯ ಚುಕ್ಕೆಗಳಾಗಿ ಕಾಣುತ್ತವೆ. ನೀರು ಏರತೊಡಗಿದಾಗ ಅವು ಹೆಜ್ಜೆಹೆಜ್ಜೆಯಾಗಿ ದಡದ ಕಡೆಗೆ ಸರಿಯುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳಂದು ಮುಂಜಾನೆ ಆರರ ಹೊತ್ತಿಗೆ ನೀರು ಇಳಿದಿದ್ದು, ಏಳರಿಂದ ಒಂಬತ್ತರವರೆಗೆ ಏರುತ್ತದೆ. ಹಕ್ಕಿಗಳು ಹತ್ತಿರ, ಬೆಳಕು ಹಿತ, ಬಿಸಿಲು ಎಳೆಯದು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅಷ್ಟಮಿಯ ಆಸುಪಾಸಿನಲ್ಲಿ ಬೆಳಿಗ್ಗೆ ಆರಕ್ಕೆ ಉಬ್ಬರವಾಗಿ ಅನಂತರ ನೀರಿಳಿಯುವುದರಿಂದ, ಎಂಟರ ಮೇಲೆ ದಡದ ಬಳಿಯ ಕೆಸರು ಮೊದಲು ತೆರೆಯುತ್ತದೆ; ಹಸಿದ ಹಕ್ಕಿಗಳು ಅಲ್ಲಿಗೇ ಬಂದಿಳಿಯುತ್ತವೆ.

ಬಣ್ಣವಲ್ಲ, ಕೊಕ್ಕು

ಹೊಸಬರು ಮಾಡುವ ಮೊದಲ ತಪ್ಪು ಬಣ್ಣವನ್ನು ನಂಬುವುದು. ಈ ಹಕ್ಕಿಗಳು ಇಲ್ಲಿರುವ ತಿಂಗಳುಗಳಲ್ಲಿ ಬೂದುಬಣ್ಣದ ಚಳಿಗಾಲದ ಗರಿಯನ್ನು ಧರಿಸಿರುತ್ತವೆ. ತವರಿನಲ್ಲಿ ಇಟ್ಟಿಗೆಗೆಂಪಾಗಿ ಮೆರೆಯುವ ಕರ್ಲ್ಯೂ ಸ್ಯಾಂಡ್‌ಪೈಪರ್ ಮುಂಬಯಿಯಲ್ಲಿ ಬೂದಿಯ ಬಣ್ಣದ ಬಡ ಯಾತ್ರಿಕ. ಆಗಸ್ಟಿನಲ್ಲಿ ಬಂದಿಳಿದವುಗಳ ಎದೆಯಲ್ಲಿ ಹಳೆಯ ಕೆಂಪಿನ ತುಣುಕುಗಳು ಉಳಿದಿರುವುದುಂಟು. ಏಪ್ರಿಲಿನಲ್ಲಿ ಹೊರಡುವ ಮುನ್ನ ಆ ಕೆಂಪು ಮತ್ತೆ ಮೂಡುವುದುಂಟು. ಒಂದೇ ಹಕ್ಕಿ ಕೆಲವೇ ತಿಂಗಳುಗಳಲ್ಲಿ ಮೂರು ವೇಷ ತೊಡುವುದಾದರೆ ಬಣ್ಣದ ಸಾಕ್ಷಿಗೆ ಬೆಲೆ ಎಲ್ಲಿಯದು?

ಬದಲಾಗದಿರುವುದು ಕೊಕ್ಕಿನ ಉದ್ದ ಮತ್ತು ಬಾಗು, ಕಾಲಿನ ಉದ್ದ, ಉಣ್ಣುವ ರೀತಿ, ಹಾರುವಾಗ ರೆಕ್ಕೆ ಬಾಲಗಳಲ್ಲಿ ತೋರುವ ಬಿಳಿ ಗುರುತು ಮತ್ತು ಕೂಗು. ಈ ಐದನ್ನು ಇದೇ ಅನುಕ್ರಮದಲ್ಲಿ ನೋಡುವ ಅಭ್ಯಾಸವಾದರೆ ಅರ್ಧ ಕೆಲಸ ಮುಗಿದಂತೆ. ಕಾಲಿನ ಬಣ್ಣವೂ ನೆರವಿಗೆ ಬರುತ್ತದೆ. ಆದರೆ ಕಾಲಿಗೆ ಕೆಸರು ಮೆತ್ತಿದಾಗ ಹಳದಿಯೂ ಕಪ್ಪಾಗಿ ಕಾಣುವುದರಿಂದ ಅದನ್ನು ಒಂದೇ ಸಾಕ್ಷಿಯಾಗಿ ಹಿಡಿಯಲಾಗದು.

ಕೊಕ್ಕಿಗೇ ಮೊದಲ ಸ್ಥಾನ ಏಕೆಂಬುದನ್ನು ತಿಳಿಯಲು ಕೆಸರಿನ ಒಳಗನ್ನು ನೆನೆಯಬೇಕು. ಮೇಲ್ಪದರದಲ್ಲಿ ಸಣ್ಣ ಹುಳುಗಳು, ಸೀಗಡಿಯ ಜಾತಿಯ ಜೀವಿಗಳು. ಕೆಳಗೆ ಎರೆಹುಳುವಿನ ಬಂಧುಗಳು, ಚಿಪ್ಪಿನ ಜೀವಿಗಳು. ಬಿಲಗಳ ಆಳದಲ್ಲಿ ಏಡಿಗಳು. ಮದುವೆಯ ಪಂಕ್ತಿಯಲ್ಲಿ ಎಲೆ ಬೇರೆ ಬೇರೆಯಾಗಿರುವಂತೆ ಇಲ್ಲಿ ಕೊಕ್ಕಿನ ಉದ್ದಕ್ಕೆ ತಕ್ಕ ಆಳದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಊಟ. ಹತ್ತು ಜಾತಿಗಳು ಒಂದೇ ಕೆಸರಿನಲ್ಲಿ ನಿಂತೂ ಹೆಚ್ಚು ಜಗಳವಾಡದಿರಲು ಇದೊಂದು ಕಾರಣ. ಸ್ಯಾಂಡ್‌ಪೈಪರ್ ಕುಲದ ಹಲವು ಹಕ್ಕಿಗಳ ಕೊಕ್ಕಿನ ತುದಿಯಲ್ಲಿ ಸ್ಪರ್ಶದ ಸೂಕ್ಷ್ಮ ಇಂದ್ರಿಯಗಳು ಕಿಕ್ಕಿರಿದಿವೆ. ಕಣ್ಣಿಗೆ ಕಾಣದ ಹುಳುವನ್ನು ಅವು ಕೊಕ್ಕಿನಿಂದಲೇ ತಡವಿ ತಿಳಿಯುತ್ತವೆ. ಇಡೀ ಕೊಕ್ಕನ್ನು ತೆರೆಯದೆ, ಕೆಸರಿನೊಳಗೆ ತುದಿಯೊಂದನ್ನೇ ಚಿಮಟದಂತೆ ಅರಳಿಸಿ ಹಿಡಿಯಬಲ್ಲವು. ಕೊಕ್ಕನ್ನು ನೋಡಿದವನು ಹಕ್ಕಿಯ ಅಡುಗೆಮನೆಯನ್ನೇ ನೋಡಿದಂತೆ.

ಓಡಿ ನಿಲ್ಲುವವರು, ನಿಲ್ಲದೆ ಕುಟ್ಟುವವರು

ಮೊದಲು ಎರಡು ದೊಡ್ಡ ಕುಟುಂಬಗಳನ್ನು ಬೇರ್ಪಡಿಸಬೇಕು. ನಾಲ್ಕು ಹೆಜ್ಜೆ ಓಡಿ, ತಟ್ಟನೆ ನಿಂತು, ತಲೆಯೆತ್ತಿ ನೋಡಿ, ಬಾಗಿ ಒಂದು ಕುಟುಕು ಕುಟುಕಿ, ಮತ್ತೆ ಓಡುವುದು ಪ್ಲೋವರ್. ಅದರ ಕಣ್ಣು ದೊಡ್ಡದು, ಕೊಕ್ಕು ಗಿಡ್ಡ. ಅದು ಕಂಡು ಹಿಡಿಯುವ ಬೇಟೆಗಾರ. ತಲೆ ತಗ್ಗಿಸಿ, ಹೊಲಿಗೆಯಂತ್ರದ ಸೂಜಿಯಂತೆ ಬಿಡುವಿಲ್ಲದೆ ಕೆಸರನ್ನು ಚುಚ್ಚುತ್ತ ಸಾಗುವುದು ಸ್ಯಾಂಡ್‌ಪೈಪರ್ ಕುಲ. ಅದು ತಡವಿ ಹಿಡಿಯುವ ಬೇಟೆಗಾರ. ಬರಿಗಣ್ಣಿಗೂ ತಿಳಿಯುವ ಈ ವ್ಯತ್ಯಾಸವೊಂದನ್ನು ಒಂದು ಮುಂಜಾನೆಯಲ್ಲಿ ಮನದಟ್ಟು ಮಾಡಿಕೊಂಡರೆ ಅದೇ ದೊಡ್ಡ ಲಾಭ.

ಪ್ಲೋವರುಗಳಲ್ಲಿ ಎಲ್ಲರಿಗೂ ಪರಿಚಿತವಾದುದು ಟಿಟ್ಟಿಭ, ಮರಾಠಿಯ ‘ಟಿಟವಿ’. ಕಣ್ಣಿನ ಮುಂದೆ ಕೆಂಪು ಚರ್ಮ, ಹಳದಿ ಕಾಲು, ರಾತ್ರಿಯೂ ಊರನ್ನೆಬ್ಬಿಸುವ ಕೂಗು. ಇದು ವಲಸೆಗಾರನಲ್ಲ, ನಮ್ಮದೇ ನೆಲದ ಹಕ್ಕಿ. ಲಿಟ್ಲ್ ರಿಂಗ್ಡ್ ಪ್ಲೋವರ್ ಗುಬ್ಬಿಗಿಂತ ತುಸು ದೊಡ್ಡದು. ಕೊರಳಲ್ಲಿ ಕಪ್ಪು ಪಟ್ಟಿ, ಕಣ್ಣಿನ ಸುತ್ತ ಹಳದಿ ಉಂಗುರ. ಕೆಂಟಿಷ್ ಪ್ಲೋವರಿನ ಕಪ್ಪು ಪಟ್ಟಿ ಎದೆಯ ನಡುವೆ ಮುಟ್ಟದೆ ಎರಡು ಬದಿಗಳಲ್ಲಿಯೇ ನಿಲ್ಲುತ್ತದೆ. ಕುತ್ತಿಗೆಯ ಹಿಂದೆ ಬಿಳಿಯ ಪಟ್ಟಿಯುಂಟು. ಸ್ಯಾಂಡ್ ಪ್ಲೋವರಿನಲ್ಲಿ ಆ ಬಿಳಿ ಪಟ್ಟಿ ಇಲ್ಲ. ಹಿಂದೆ ಲೆಸ್ಸರ್ ಸ್ಯಾಂಡ್ ಪ್ಲೋವರ್ ಎಂದು ಒಂದೇ ಹೆಸರಿನಿಂದ ಕರೆಯುತ್ತಿದ್ದ ಹಕ್ಕಿಯನ್ನು ವಿಜ್ಞಾನಿಗಳು ಇತ್ತೀಚೆಗೆ ಸೈಬೀರಿಯದ್ದು, ಟಿಬೆಟಿನದು ಎಂದು ಎರಡಾಗಿ ವಿಂಗಡಿಸಿದ್ದಾರೆ; ಪಶ್ಚಿಮ ಕರಾವಳಿಗೆ ಬರುವುದು ಮುಖ್ಯವಾಗಿ ಟಿಬೆಟಿನ ಪಂಗಡ. ಈ ಚಿಕ್ಕ ಪ್ಲೋವರುಗಳಿಗಿಂತ ದೊಡ್ಡದಾದ ಗ್ರೇ ಪ್ಲೋವರ್ ನೆಲದ ಮೇಲೆ ಬರಿಯ ಬೂದುಹಕ್ಕಿ. ಆದರೆ ಹಾರಿದಾಗ ರೆಕ್ಕೆಯ ಬುಡದಲ್ಲಿ, ಕಂಕುಳಿನಲ್ಲಿ, ಮಸಿ ಬಳಿದಂತೆ ಕಪ್ಪು ಮಚ್ಚೆ ತೋರುತ್ತದೆ. ಬೇರಾವ ಪ್ಲೋವರಿಗೂ ಆ ಮಚ್ಚೆಯಿಲ್ಲ.

ಸ್ಯಾಂಡ್‌ಪೈಪರ್ ಕುಲದಲ್ಲಿ ಕಲಿಯಲು ಸುಲಭವಾದುದು ಕಾಮನ್ ಸ್ಯಾಂಡ್‌ಪೈಪರ್. ಕಲ್ಲಿನ ದಡ, ನಾಲೆಯ ಸಿಮೆಂಟಿನ ಅಂಚು, ದೋಣಿಯ ಹಗ್ಗ, ಎಲ್ಲಿಯಾದರೂ ಒಂಟಿಯಾಗಿ ನಿಂತು ಹಿಂಭಾಗವನ್ನು ಎಡೆಬಿಡದೆ ಕುಣಿಸುತ್ತಿರುತ್ತದೆ. ಎದೆಯ ಕಂದಿಗೂ ರೆಕ್ಕೆಗೂ ನಡುವೆ ಬಿಳಿಯ ತುಂಡೊಂದು ಭುಜದತ್ತ ಮೇಲೇರಿರುತ್ತದೆ. ಹಾರುವಾಗ ರೆಕ್ಕೆಯನ್ನು ಪೂರ್ತಿ ಬೀಸದೆ, ನೀರಿಗೆ ತಾಗುವಷ್ಟು ಕೆಳಗೆ, ನಡುಗುತ್ತ ಹೋಗುತ್ತದೆ. ವುಡ್ ಸ್ಯಾಂಡ್‌ಪೈಪರಿನ ಬೆನ್ನ ಮೇಲೆ ಬಿಳಿ ಚುಕ್ಕೆಗಳು, ಕಣ್ಣಿನ ಮೇಲೆ ಉದ್ದವಾದ ಬಿಳಿ ಹುಬ್ಬು. ಗ್ರೀನ್ ಸ್ಯಾಂಡ್‌ಪೈಪರ್ ಬೆನ್ನಿನಲ್ಲಿ ಹೆಚ್ಚು ಕಪ್ಪು, ಹಾರಿದಾಗ ಬೆನ್ನಿನ ಹಿಂಬದಿ ಬೆಳ್ಳಗೆ ಮಿನುಗುತ್ತದೆ. ಇವೆರಡೂ ಸಿಹಿನೀರಿನ ಬಳಿ, ಹೊಂಡ ಹಳ್ಳಗಳ ಅಂಚಿನಲ್ಲಿ ಹೆಚ್ಚು.

ಕೆಸರುಬಯಲಿನ ಕಾವಲುಗಾರನೆಂದು ಹೆಸರಾದುದು ರೆಡ್‌ಶ್ಯಾಂಕ್. ಕುಂಕುಮ ಕೇಸರಿಯ ನಡುವಣ ಕೆಂಪು ಕಾಲು. ಕೊಕ್ಕಿನ ಬುಡವೂ ಕೆಂಪು. ಅಪಾಯವನ್ನು ಮೊದಲು ಕಂಡು ಕೂಗುವುದು, ಇಡೀ ಗುಂಪನ್ನು ಎಬ್ಬಿಸುವುದು ಇದರ ಸ್ವಭಾವ. ಹಾರುವಾಗ ರೆಕ್ಕೆಯ ಹಿಂದಂಚಿನಲ್ಲಿ ಅಗಲವಾದ ಬಿಳಿ ಪಟ್ಟಿ ಮಿಂಚುತ್ತದೆ. ಗ್ರೀನ್‌ಶ್ಯಾಂಕ್ ಅದಕ್ಕಿಂತ ದೊಡ್ಡದು, ಕಾಲು ಹಸುರು, ಕೊಕ್ಕು ದಪ್ಪವಾಗಿದ್ದು ತುಸು ಮೇಲಕ್ಕೆ ಬಾಗಿದೆ. ಮೂರು ಸಲ ಸ್ಪಷ್ಟವಾಗಿ ‘ಟ್ಯೂ, ಟ್ಯೂ, ಟ್ಯೂ’ ಎಂದು ಕೂಗುತ್ತದೆ. ಅದರದೇ ಚಿಕ್ಕ ಪ್ರತಿಯಂತೆ ಕಂಡರೂ ಕೊಕ್ಕು ನೆಟ್ಟಗೆ ಸೂಜಿಯಷ್ಟು ತೆಳುವಾಗಿದ್ದರೆ ಅದು ಮಾರ್ಷ್ ಸ್ಯಾಂಡ್‌ಪೈಪರ್. ಕೊಕ್ಕು ಮೇಲೆ ಬಾಗಿದ್ದು, ಕಾಲು ಗಿಡ್ಡವಾಗಿ ಕಿತ್ತಳೆಯ ಬಣ್ಣದ್ದಾದರೆ, ಅವಸರದಿಂದ ಏಡಿಗಳ ಹಿಂದೆ ಓಡುತ್ತಿದ್ದರೆ, ಅದು ಟೆರೆಕ್ ಸ್ಯಾಂಡ್‌ಪೈಪರ್.

ಎಲ್ಲರಿಗಿಂತ ಕಿರಿಯವು ಸ್ಟಿಂಟುಗಳು. ಲಿಟ್ಲ್ ಸ್ಟಿಂಟಿನ ತೂಕ ಸಾಮಾನ್ಯವಾಗಿ 20ರಿಂದ 30 ಗ್ರಾಂ. ಕಾಲು ಕಪ್ಪು. ಕಾಲು ಹಳದಿಮಿಶ್ರಿತವಾಗಿದ್ದು, ಎದೆಯೆಲ್ಲ ಬೂದಾಗಿದ್ದರೆ ಟೆಮಿಂಕ್ಸ್ ಸ್ಟಿಂಟ್. ಗುಂಪಿನ ನಡುವೆ ತುಸು ಎತ್ತರವಾಗಿ ನಿಂತು, ನೀಳವಾಗಿ ಕೆಳಗೆ ಬಾಗಿದ ಕೊಕ್ಕನ್ನು ಕೆಸರಿಗಿಳಿಸುವುದು, ಹಾರಿದಾಗ ಬಾಲದ ಬುಡದಲ್ಲಿ ಬಿಳಿ ತೋರುವುದು ಕರ್ಲ್ಯೂ ಸ್ಯಾಂಡ್‌ಪೈಪರ್.

ಎತ್ತರದ ಹಕ್ಕಿಗಳಲ್ಲಿ ಮೆಟ್ಟುಗಾಲು ಹಕ್ಕಿಯನ್ನು ಮಗುವೂ ಗುರುತಿಸುತ್ತದೆ: ಗುಲಾಬಿಗೆಂಪಿನ ಕೋಲುಗಾಲು, ಕಪ್ಪು ರೆಕ್ಕೆ, ಬಿಳಿ ಮೈ. ಅವೋಸೆಟ್ ಕಪ್ಪುಬಿಳುಪಿನದೇ, ಮೇಲಕ್ಕೆ ಬಾಗಿದ ಕೊಕ್ಕನ್ನು ಕುಡುಗೋಲಿನಂತೆ ನೀರಿನಲ್ಲಿ ಅತ್ತಿತ್ತ ಬೀಸುತ್ತದೆ. ಬ್ಲ್ಯಾಕ್ ಟೇಲ್ಡ್ ಗಾಡ್ವಿಟ್ ನೆಟ್ಟನೆಯ ಉದ್ದ ಕೊಕ್ಕಿನದು. ಬುಡ ಗುಲಾಬಿ, ತುದಿ ಕಪ್ಪು. ಹಾರುವಾಗ ರೆಕ್ಕೆಯಲ್ಲಿ ಬಿಳಿ ಗೆರೆ, ಬಾಲದ ತುದಿಯಲ್ಲಿ ಕಪ್ಪು ಪಟ್ಟಿ. ಕುಡುಗೋಲಿನಂತೆ ಕೆಳಗೆ ಬಾಗಿದ ಬಹು ಉದ್ದದ ಕೊಕ್ಕು ಕರ್ಲ್ಯೂವಿನದು. ಅದಕ್ಕಿಂತ ಚಿಕ್ಕದಾಗಿ, ಕೊಕ್ಕು ಗಿಡ್ಡವಾಗಿ, ನೆತ್ತಿಯ ಮೇಲೆ ವಿಭೂತಿಯ ಪಟ್ಟೆಗಳಂತೆ ಕಪ್ಪುಬಿಳುಪಿನ ಗೆರೆಗಳಿದ್ದರೆ ಅದು ವಿಂಬ್ರೆಲ್. ಅದರ ಕೂಗು ಒಂದೇ ಉಸಿರಿನ ಏಳು ಸ್ವರ.

ಬುತ್ತಿ ಕಟ್ಟಿಕೊಳ್ಳುವ ಶರೀರ

ಆರೋಗ್ಯದ ವಿಷಯದಲ್ಲಿ ಆಸಕ್ತಿಯುಳ್ಳ ಓದುಗರಿಗೆ ಈ ಹಕ್ಕಿಗಳ ಶರೀರಧರ್ಮವೇ ಒಂದು ವಿಸ್ಮಯ. ಮನುಷ್ಯನಲ್ಲಿ ರೋಗಕ್ಕೆ ದಾರಿಯಾಗುವ ಕೊಬ್ಬು ಇವುಗಳಲ್ಲಿ ಪ್ರಯಾಣದ ಬುತ್ತಿ. ಹೊರಡುವ ವಾರಗಳಲ್ಲಿ ಬಿಡುವಿಲ್ಲದೆ ತಿಂದು, ಕೆಲವು ಜಾತಿಗಳು ತಮ್ಮ ತೂಕವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳುತ್ತವೆ. ಬಾರ್ ಟೇಲ್ಡ್ ಗಾಡ್ವಿಟ್ ಎಂಬ ಹಕ್ಕಿ ದೀರ್ಘ ಹಾರಾಟಕ್ಕೆ ಮುನ್ನ ಭಾರ ಕಡಿಮೆಯಾಗಲೆಂದು ತನ್ನ ಜೀರ್ಣಾಂಗಗಳನ್ನೇ ಕುಗ್ಗಿಸಿಕೊಳ್ಳುತ್ತದೆ. ಗುರಿ ಮುಟ್ಟಿದ ಮೇಲೆ ಅವು ಮತ್ತೆ ಬೆಳೆಯುತ್ತವೆ. 2022ರ ಅಕ್ಟೋಬರಿನಲ್ಲಿ ಈ ಜಾತಿಯ, ಹುಟ್ಟಿ ಐದು ತಿಂಗಳಷ್ಟೇ ಆಗಿದ್ದ ಮರಿಯೊಂದು ಅಲಾಸ್ಕಾದಿಂದ ಆಸ್ಟ್ರೇಲಿಯದ ಟಾಸ್ಮೇನಿಯಕ್ಕೆ 13,560 ಕಿಲೋಮೀಟರುಗಳನ್ನು 11 ದಿನಗಳಲ್ಲಿ, ಎಲ್ಲಿಯೂ ಇಳಿಯದೆ ಹಾರಿತೆಂಬುದು ಅದರ ಮೈಮೇಲಿದ್ದ ಪುಟ್ಟ ಯಂತ್ರದಿಂದ ತಿಳಿದುಬಂದಿತು. ಇದೇ ಜಾತಿಯ ಹಕ್ಕಿಗಳು ಚಳಿಗಾಲದಲ್ಲಿ ಭಾರತದ ಪಶ್ಚಿಮ ತೀರಕ್ಕೂ ಬರುತ್ತವೆ.

ಇದರಿಂದ ಹೊಮ್ಮುವ ನೀತಿ ನೇರವಾದುದು. ದಡದಲ್ಲಿ ನಾಯಿಯನ್ನು ಛೂಬಿಟ್ಟಾಗ, ಚಿತ್ರ ತೆಗೆಯುವ ಆತುರದಲ್ಲಿ ಗುಂಪಿನತ್ತ ಓಡಿದಾಗ, ಮಕ್ಕಳು ಕಲ್ಲೆಸೆದಾಗ ಎದ್ದು ಹಾರುವ ಪ್ರತಿಯೊಂದು ಹಕ್ಕಿಯೂ ತನ್ನ ಬುತ್ತಿಯ ಒಂದು ತುತ್ತನ್ನು ಕಳೆದುಕೊಳ್ಳುತ್ತದೆ. ಇಳಿತದ ಆರು ಗಂಟೆಗಳಷ್ಟೇ ಅದಕ್ಕೆ ಊಟದ ಅವಧಿ. ಹಾರುವ ಹಕ್ಕಿಯನ್ನು ನೋಡುವುದು ಚೆಂದ. ಆದರೆ ಅದನ್ನು ಹಾರಿಸದೆ ನೋಡುವುದು ಧರ್ಮ.

ಗುರುತಿಸದೆ ಹೋದುದರ ಬೆಲೆ

ಹೆಸರು ತಿಳಿಯದಿದ್ದರೆ ನಷ್ಟವೇನು, ಹಕ್ಕಿ ಇದ್ದರೆ ಸಾಲದೆ ಎಂದು ಕೇಳುವವರುಂಟು. ಅದಕ್ಕೆ ಉತ್ತರವನ್ನು ಒಂದು ಹಕ್ಕಿ ಕೊಟ್ಟುಹೋಗಿದೆ. ಸ್ಲೆಂಡರ್ ಬಿಲ್ಡ್ ಕರ್ಲ್ಯೂ ಎಂಬುದು ಸೈಬೀರಿಯದಲ್ಲಿ ಗೂಡು ಕಟ್ಟಿ, ಮೆಡಿಟರೇನಿಯನ್ ತೀರಗಳಲ್ಲಿ ಚಳಿಗಾಲ ಕಳೆಯುತ್ತಿದ್ದ ಹಕ್ಕಿ. ಮೇಲೆ ಹೇಳಿದ ಕರ್ಲ್ಯೂ, ವಿಂಬ್ರೆಲ್‌ಗಳಿಗೂ ಅದಕ್ಕೂ ಇದ್ದ ಅಂತರ ಅತಿ ಸೂಕ್ಷ್ಮ: ಗಾತ್ರ ತುಸು ಚಿಕ್ಕದು, ಕೊಕ್ಕು ಹೆಚ್ಚು ತೆಳು, ಮೈ ಹೆಚ್ಚು ಬಿಳಿ, ಪಕ್ಕೆಗಳಲ್ಲಿ ಹೃದಯದ ಆಕಾರದ ಚುಕ್ಕೆಗಳು. ಬೇಟೆಗಾರನಿಗೆ ಆ ಅಂತರ ಬೇಕಾಗಿರಲಿಲ್ಲ. ದೂರದಿಂದ ನೋಡಿದವರಿಗೆ ಅದು ಸುಲಭವಾಗಿ ತಿಳಿಯುತ್ತಿರಲಿಲ್ಲ. ಬಂಧುಗಳ ಗುಂಪಿನಲ್ಲಿ ಬೆರೆತು ಅದು ಕಡಿಮೆಯಾಗುತ್ತಾ ಬಂದಿತು. ಸಂದೇಹಕ್ಕೆಡೆಯಿಲ್ಲದಂತೆ ಅದನ್ನು ಕಡೆಯ ಬಾರಿ ಕಂಡದ್ದು 1995ರಲ್ಲಿ, ಮೊರಾಕ್ಕೋ ದೇಶದಲ್ಲಿ. 2025ರ ಅಕ್ಟೋಬರಿನಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಆ ಜಾತಿ ಅಳಿದುಹೋಯಿತೆಂದು ಘೋಷಿಸಿತು. ಬೇರೆಂದು ತಿಳಿಯದುದನ್ನು ಕಳೆದುಕೊಂಡೆವೆಂದು ತಿಳಿಯುವುದೂ ತಡವಾಗಿಯೇ.

ಈ ಕಥೆ ದೂರದ್ದೆಂದು ತಳ್ಳಿಹಾಕುವಂತಿಲ್ಲ. ಅದೇ ಒಕ್ಕೂಟವು 2024ರ ಅಕ್ಟೋಬರಿನಲ್ಲಿ ತನ್ನ ಪಟ್ಟಿಯನ್ನು ಪರಿಷ್ಕರಿಸಿದಾಗ ಕಡಲಂಚಿನ 16 ವಲಸೆ ಹಕ್ಕಿಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಏರಿಸಿತು. ಅವುಗಳಲ್ಲಿ ಗ್ರೇ ಪ್ಲೋವರ್ ಇದೆ, ಕರ್ಲ್ಯೂ ಸ್ಯಾಂಡ್‌ಪೈಪರ್ ಇದೆ. ಎರಡೂ ಮುಂಬಯಿಯ ತೀರಗಳಿಗೆ ಬರುವ ಅತಿಥಿಗಳೇ.

ಹಕ್ಕಿಗಳ ಗುಂಪು ದೊಡ್ಡದೆಂದ ಮಾತ್ರಕ್ಕೆ ನೀರು ಆರೋಗ್ಯವಾಗಿದೆಯೆಂದೂ ತಿಳಿಯಲಾಗದು. ಮೆಟ್ಟುಗಾಲು ಹಕ್ಕಿ ಕೊಳಚೆ ಸೇರಿದ ನೀರಿನಲ್ಲಿಯೂ ಬದುಕಬಲ್ಲದು. ಶಿವಡಿ ಮತ್ತು ಠಾಣೆ ಖಾಡಿಗಳನ್ನು ಗುಲಾಬಿಯಾಗಿಸುವ ರಾಜಹಂಸಗಳಲ್ಲಿ ಚಿಕ್ಕ ಜಾತಿಯದು ಸೂಕ್ಷ್ಮ ಪಾಚಿಯನ್ನು ತಿನ್ನುತ್ತದೆ. ಕೊಳಚೆಯಿಂದ ಪಾಚಿ ಹೆಚ್ಚಿದುದೂ ಅವು ಇಲ್ಲಿಗೆ ಬರಲು ಒಂದು ಕಾರಣವಿರಬಹುದೆಂದು ತಜ್ಞರು ಹೇಳಿದ್ದಾರೆ. ಹೀಗಿರುವಾಗ ‘ಸಾವಿರ ಹಕ್ಕಿ’ ಎಂಬ ಲೆಕ್ಕ ಏನನ್ನೂ ಹೇಳುವುದಿಲ್ಲ. ಯಾವ ಹಕ್ಕಿ, ಎಷ್ಟು, ಕಳೆದ ವರ್ಷ ಎಷ್ಟಿತ್ತು ಎಂಬ ಲೆಕ್ಕ ಮಾತ್ರ ಖಾಡಿಯ ನಾಡಿಯನ್ನು ಹಿಡಿದು ನೋಡಿದಂತೆ. ನಾಡಿ ನೋಡುವ ವೈದ್ಯನಿಗೆ ಬಡಿತಗಳ ಭೇದ ತಿಳಿದಿರಬೇಕಷ್ಟೆ?

ಮುಂಬಯಿಗೆ ಇಂತಹ ವೀಕ್ಷಣೆಯ ಹಳೆಯ ಪರಂಪರೆಯೇ ಇದೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸ್ಥಾಪನೆಯಾದುದು 1883ರಲ್ಲಿ. ಡಾ. ಸಲೀಂ ಅಲಿಯವರ ಭಾರತೀಯ ಪಕ್ಷಿಗಳ ಪ್ರಸಿದ್ಧ ಕೈಪಿಡಿ 1941ರಲ್ಲಿ ಪ್ರಕಟವಾಯಿತು. ಅವರೂ ಹುಮಾಯೂನ್ ಅಬ್ದುಲಾಲಿಯವರೂ ಕೂಡಿ ಮುಂಬಯಿ ಮತ್ತು ಸಾಷ್ಟಿ ದ್ವೀಪಗಳ ಹಕ್ಕಿಗಳನ್ನು ಕುರಿತೇ ಬರೆದಿದ್ದಾರೆ. ಜೋಗೇಶ್ವರಿ ಇರುವುದು ಅದೇ ಸಾಷ್ಟಿಯಲ್ಲಿ. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ ಹಲವರನ್ನು ಈ ಹವ್ಯಾಸಕ್ಕೆ ಎಳೆದು ತಂದಿತು.

ಕಾನೂನಿನ ಬಲವೂ ಸ್ವಲ್ಪ ಒದಗಿದೆ. ಕಾಂಡ್ಲಾ ಕಾಡನ್ನು ಕಡಿಯುವುದನ್ನೂ ಮಣ್ಣು ತುಂಬಿ ಮುಚ್ಚುವುದನ್ನೂ ಮುಂಬಯಿ ಉಚ್ಚ ನ್ಯಾಯಾಲಯ 2005ರಲ್ಲಿ ತಡೆಯಿತು. 2018ರ ಅಂತಿಮ ತೀರ್ಪಿನಲ್ಲಿ ಅದನ್ನು ದೃಢಪಡಿಸಿತು. ಠಾಣೆ ಖಾಡಿಯ ಸುಮಾರು 1,690 ಹೆಕ್ಟೇರ್ ಪ್ರದೇಶ 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾಯಿತು. 2022ರಲ್ಲಿ ಠಾಣೆ ಖಾಡಿಗೆ ಅಂತಾರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣವೆಂಬ ಮನ್ನಣೆಯೂ ದೊರೆಯಿತು. ಜೋಗೇಶ್ವರಿ–ವಿಕ್ರೋಲಿ ಜೋಡುರಸ್ತೆಯನ್ನು ಹಿಡಿದು ಪೂರ್ವಕ್ಕೆ ಹೋದವರಿಗೆ ಆ ಖಾಡಿಯೂ ದೂರವಲ್ಲ. ಆದರೆ ಪಶ್ಚಿಮದ ಮಲಾಡ್ ಖಾಡಿಗೆ ಅಂತಹ ಕೀರ್ತಿಯಿಲ್ಲ. ಕೀರ್ತಿಯಿಲ್ಲದ ನೀರಿಗೆ ಕಾವಲು ಅದರ ದಡದ ನಿವಾಸಿಗಳೇ.

ವೀಕ್ಷಕರ ಆರೋಗ್ಯಕ್ಕೆ ಕೆಲವು ಸೂಚನೆಗಳು

ಹಕ್ಕಿ ನೋಡುವುದಕ್ಕೆ ಮುಂಜಾನೆ ಏಳಬೇಕು, ನಡೆಯಬೇಕು, ನಿಂತಲ್ಲಿ ಮೌನವಾಗಿರಬೇಕು, ಹತ್ತಿರದ ಅಕ್ಷರಗಳಿಗೆ ಅಂಟಿದ ಕಣ್ಣನ್ನು ದೂರಕ್ಕೆ ಹಾಯಿಸಬೇಕು. ಇವೆಲ್ಲ ತಾವಾಗಿಯೇ ದೇಹಕ್ಕೂ ಮನಸ್ಸಿಗೂ ಹಿತ. ಆದರೆ ನಗರದ ಖಾಡಿಯ ನೀರು ತೀರ್ಥವಲ್ಲವೆಂಬುದನ್ನು ಮರೆಯಬಾರದು.

ಕೆಸರಿಗೆ ಇಳಿಯಬಾರದು, ದಡದಿಂದಲೇ ನೋಡಬೇಕು. ಕಾಲಿನಲ್ಲಿ ಗಾಯ, ಬಿರುಕುಗಳಿದ್ದವರು, ಮುಖ್ಯವಾಗಿ ಮಧುಮೇಹಿಗಳು, ಮುಚ್ಚಿದ ಪಾದರಕ್ಷೆಯಿಲ್ಲದೆ ಅತ್ತ ಹೋಗಲೇಬಾರದು. ಮಳೆಗಾಲದಲ್ಲಿ ಇಲಿಗಳ ಮೂತ್ರ ಬೆರೆತ ನೀರಿನಿಂದ ಲೆಪ್ಟೋಸ್ಪೈರೋಸಿಸ್ ಎಂಬ ಜ್ವರ ಹರಡುತ್ತದೆ. ಅಂತಹ ನೀರನ್ನು ತುಳಿದ ಮೇಲೆ ಜ್ವರ, ಮೈಕೈ ನೋವು ಕಂಡುಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು, ನೀರು ತುಳಿದ ವಿಷಯವನ್ನೂ ತಿಳಿಸಬೇಕು. ಮುಂಜಾನೆ ಸಂಜೆಗಳಲ್ಲಿ ಸೊಳ್ಳೆಗಳು ಹೆಚ್ಚು. ತುಂಬುತೋಳಿನ ಅಂಗಿ, ಕಾಲ್ಮುಚ್ಚುವ ಉಡುಪು ಅಗತ್ಯ. ಸತ್ತ ಅಥವಾ ಕಾಯಿಲೆಯ ಹಕ್ಕಿಯನ್ನು ಬರಿಗೈಯಿಂದ ಮುಟ್ಟದೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಕುಡಿಯುವ ನೀರು, ಟೊಪ್ಪಿಗೆ, ಮನೆಗೆ ಬಂದೊಡನೆ ಸಾಬೂನಿನಿಂದ ಕೈಕಾಲು ತೊಳೆಯುವುದು ಎಂಬಿವು ಹಿರಿಯರು ಹೇಳದೆಯೂ ಪಾಲಿಸಬೇಕಾದ ನಿಯಮಗಳು. ಒಂಟಿಯಾಗಿ ನಿರ್ಜನ ಕಾಂಡ್ಲಾ ಕಾಡಿಗೆ ಹೋಗುವುದಕ್ಕಿಂತ ನಾಲ್ವರು ಜೊತೆಯಾಗಿ ಹೋಗುವುದು ಲೇಸು. ಅನುಮತಿ ಬೇಕಾದ ಕಡೆ ಅನುಮತಿ ಪಡೆಯಬೇಕು.

ಉಪಕರಣಗಳ ಆಡಂಬರ ಬೇಡ. ಎಂಟು ಪಟ್ಟು ಹಿರಿದಾಗಿ ತೋರಿಸುವ ಸಾಧಾರಣ ದುರ್ಬೀನು ಸಾಕು. ಕನ್ನಡಕ ಧರಿಸುವವರು ಅದರ ಕಣ್ಣಿನ ಬಟ್ಟಲಿನ ಅಂಚನ್ನು ಕೆಳಗಿಳಿಸಿಕೊಂಡರೆ ಕನ್ನಡಕ ತೆಗೆಯದೆಯೇ ನೋಡಬಹುದು. ಯಾವ ಕಾರಣಕ್ಕೂ ದುರ್ಬೀನನ್ನು ಸೂರ್ಯನತ್ತ ತಿರುಗಿಸಬಾರದು. ಸೂರ್ಯ ಬೆನ್ನ ಹಿಂದಿರುವಂತೆ ನಿಂತರೆ ಕಣ್ಣಿಗೂ ಕ್ಷೇಮ, ಹಕ್ಕಿಯ ಗುರುತೂ ಸ್ಪಷ್ಟ.

ಒಂದು ನೋಟುಪುಸ್ತಕ

ಎಲ್ಲಕ್ಕಿಂತ ಮುಖ್ಯವಾದ ಉಪಕರಣ ಒಂದು ನೋಟುಪುಸ್ತಕ ಮತ್ತು ಸೀಸದಕಡ್ಡಿ. ದಿನಾಂಕ, ತಿಥಿ, ಹೊತ್ತು, ನೀರು ಏರುತ್ತಿತ್ತೋ ಇಳಿಯುತ್ತಿತ್ತೋ, ಕಂಡ ಹಕ್ಕಿ, ಅದರ ಸಂಖ್ಯೆ, ಏನು ಮಾಡುತ್ತಿತ್ತು, ಇಷ್ಟನ್ನು ಸ್ಥಳದಲ್ಲಿಯೇ ಬರೆಯಬೇಕು. ಗುರುತು ಹತ್ತದಿದ್ದರೆ ಊಹಿಸಿ ಹೆಸರು ಹಚ್ಚಬಾರದು. ‘ಕೆಳಬಾಗಿದ ಕೊಕ್ಕು, ಕಪ್ಪು ಕಾಲು, ಹಾರಿದಾಗ ಬಿಳಿ ಬೆನ್ನು’ ಎಂದು ಕಂಡುದನ್ನಷ್ಟೆ ಬರೆದಿಟ್ಟರೆ ಮುಂದೆ ಬಲ್ಲವರು ಹೆಸರು ಹೇಳುತ್ತಾರೆ. ತಪ್ಪು ಹೆಸರಿಗಿಂತ ಸರಿಯಾದ ವರ್ಣನೆ ಮೇಲು. ಮೊದಲ ವರ್ಷ ಐದು ಹಕ್ಕಿಗಳ ಪರಿಚಯವಾದರೆ ಸಾಕು: ಟಿಟ್ಟಿಭ, ಮೆಟ್ಟುಗಾಲು ಹಕ್ಕಿ, ಕಾಮನ್ ಸ್ಯಾಂಡ್‌ಪೈಪರ್, ರೆಡ್‌ಶ್ಯಾಂಕ್, ಲಿಟ್ಲ್ ಸ್ಟಿಂಟ್. ಈ ಐದರ ಅಳತೆಗೋಲಿನಿಂದ ಉಳಿದವುಗಳನ್ನು ಅಳೆಯಬಹುದು. ಮನೆಯ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋದರೆ, ಹತ್ತು ವರ್ಷಗಳ ಅನಂತರ ಆ ಪುಸ್ತಕ ಓಶಿವರಾ ಹೊಳೆಯ ಚರಿತ್ರೆಯೇ ಆಗುತ್ತದೆ.

ಪಂಚತಂತ್ರದಲ್ಲಿ ಟಿಟ್ಟಿಭ ದಂಪತಿಗಳ ಕಥೆಯೊಂದಿದೆ. ಕಡಲಂಚಿನಲ್ಲಿಟ್ಟ ಅವುಗಳ ಮೊಟ್ಟೆಗಳನ್ನು ಸಮುದ್ರ ಅಹಂಕಾರದಿಂದ ಕೊಂಡೊಯ್ಯುತ್ತದೆ. ಪುಟ್ಟ ಹಕ್ಕಿಯ ಅಳಲು ಉಳಿದ ಪಕ್ಷಿಗಳಿಗೂ, ಅವುಗಳಿಂದ ಗರುಡನಿಗೂ, ಗರುಡನಿಂದ ವಿಷ್ಣುವಿಗೂ ಮುಟ್ಟುತ್ತದೆ. ಬೆದರಿದ ಸಮುದ್ರ ಮೊಟ್ಟೆಗಳನ್ನು ಹಿಂದಿರುಗಿಸುತ್ತದೆ. ಇಂದು ಕಡಲಂಚಿನ ಹಕ್ಕಿಯ ನೆಲೆಯನ್ನು ಕಸಿಯುತ್ತಿರುವುದು ಸಮುದ್ರವಲ್ಲ; ಮಣ್ಣು ತುಂಬುವ ಲಾರಿ, ಕೊಳಚೆ ಸುರಿಯುವ ಕೊಳವೆ, ಪ್ಲಾಸ್ಟಿಕಿನ ರಾಶಿ. ಅದರ ದೂರನ್ನು ಮುಟ್ಟಿಸಲು ಗರುಡನ ಬದಲಿಗೆ ಇರುವವನು ದಡದಲ್ಲಿ ನಿಂತ ಮನುಷ್ಯ. ಅವನು ಮಾತನಾಡಬೇಕಾದರೆ ಯಾರ ಪರವಾಗಿ ಮಾತನಾಡುತ್ತಿರುವೆನೆಂಬುದು ಅವನಿಗೆ ತಿಳಿದಿರಬೇಕು. ಹೆಸರು ಬಲ್ಲವನಿಗೆ ಮಾತ್ರ ಅದು ಸಾಧ್ಯ. ಬರುವ ಹುಣ್ಣಿಮೆಯ ಮುಂಜಾನೆ, ನೀರು ಏರುವ ಹೊತ್ತಿಗೆ, ಖಾಡಿಯ ದಡದಲ್ಲಿ ಒಂದು ಗಂಟೆ ಸುಮ್ಮನೆ ನಿಲ್ಲುವುದರಿಂದ ಆ ಕಲಿಕೆಯನ್ನು ಯಾರು ಬೇಕಾದರೂ ತೊಡಗಬಹುದು.